‘ರಾಜೀನಾಮೆ ಬರೆದು ಕೊಡ್ರಿ’ ಅಂದಾಗ: ನೌಕರಿ ಹೋಗುವ ಕಾಲದಲ್ಲಿ ಮೊದಲು ಏನು, ಆಮೇಲೆ ಏನು

ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ನನ್ನ ಹತ್ತಿರ ಬರುವವರ ಮಾತು ಹೆಚ್ಚುಕಡಿಮೆ ಒಂದೇ. “ಕಂಪನಿ ಲಾಸ್‌ನಾಗ ಅದ ಅಂತ ಮಂದಿ ಕಮ್ಮಿ ಮಾಡ್ಲಕತ್ತಾರ್ರಿ. ಆಫೀಸಿಗಿ ಕರದ್ರು. ರಾಜೀನಾಮೆ ಬರದು ಕೊಟ್ರ ಹಿಸಾಬು ಜಲ್ದಿ ಮಾಡ್ತೀವಿ ಅಂದ್ರು. ಸೈ ಮಾಡಿ ಬಂದೀನ್ರಿ.” ಕಲಬುರಗಿಯವರಿರಲಿ, ಬೀದರ, ಯಾದಗಿರಿಯವರಿರಲಿ, ಎಡವುವ ಜಾಗ ಇದೇ. ಸಹಿ ಮಾಡಿದ ವಾರಕ್ಕೇ ಹೈದರಾಬಾದಿಗೋ ಬೆಂಗಳೂರಿಗೋ ಹೊರಡುತ್ತಾರೆ. ಪಿ.ಎಫ್. (ಭವಿಷ್ಯ ನಿಧಿ) ಸಿಕ್ಕಿಲ್ಲ ಎಂದು ವರ್ಷದ ಮೇಲೆ ವಾಪಸ್ ಬರುತ್ತಾರೆ.

ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಹನ್ನೊಂದು ವರ್ಷ ಕೂತವನು. ‘ವೈಯಕ್ತಿಕ ಕಾರಣಗಳಿಂದ’ ಎಂಬ ಒಂದೇ ನಮೂನೆಯ ರಾಜೀನಾಮೆ ಪತ್ರವನ್ನು ಮೂವತ್ತು ಪ್ರತಿ ಪ್ರಿಂಟ್ ತೆಗೆದು, ಹೆಸರಿನ ಜಾಗ ಖಾಲಿ ಬಿಟ್ಟು ಸಾಹೇಬರ ಟೇಬಲ್ಲಿನ ಮೇಲೆ ಇಟ್ಟವನೂ ನಾನೇ. ಆ ಕಾಗದದ ಬೆಲೆ ಎಷ್ಟು ಎಂದು ಲೆಕ್ಕ ಹಾಕಿದ್ದು ತಡವಾಗಿ. ಆ ಲೆಕ್ಕ ನಾಲ್ಕನೇ ಹಂತದಲ್ಲಿದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಹೊಸ ಕೆಲಸ ಹುಡುಕುವುದನ್ನು ಏಳನೇ ಹಂತದಲ್ಲಿಟ್ಟಿದ್ದೇನೆ. ಮೊದಲ ಐದು ಹಂತ ನಾಲ್ಕೈದು ದಿನದ ಕೆಲಸ, ಆದರೆ ಅವನ್ನು ಬಿಟ್ಟು ಹಾರಿದವರು ವರ್ಷಗಟ್ಟಲೆ ಅಲೆಯುತ್ತಾರೆ.

ಕೈಯಲ್ಲಿ ಇರಬೇಕಾದದ್ದು

ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇರಬೇಕು. ಇದಿಲ್ಲದೆ ಓ.ಟಿ.ಪಿ. ಬರುವುದಿಲ್ಲ, ಓ.ಟಿ.ಪಿ. ಇಲ್ಲದೆ ಪಿ.ಎಫ್. ಬಾಗಿಲು ತೆರೆಯುವುದಿಲ್ಲ. ಯು.ಎ.ಎನ್. ನಂಬರ್ (ನಿಮ್ಮ ಪಿ.ಎಫ್. ಖಾತೆಗಳಿಗೆಲ್ಲ ಒಂದೇ ಆದ ಸಂಖ್ಯೆ), ಇ.ಎಸ್.ಐ. (ನೌಕರರ ರಾಜ್ಯ ವಿಮೆ) ನಂಬರ್, ಪ್ಯಾನ್, ಪಗಾರ ಜಮಾ ಆಗುವ ಬ್ಯಾಂಕಿನ ಪಾಸ್‌ಬುಕ್ ಬೇಕು. ನೂರು ಪುಟದ ಒಂದು ನೋಟ್‌ಬುಕ್ಕೂ ಬೇಕು. ಯಾವ ತಾರೀಖು, ಯಾರ ಜೊತೆ ಮಾತು, ಏನಂದರು ಎಂದು ಅಂದಂದೇ ಬರೆಯುತ್ತಾ ಹೋಗಿ. ಮುಂದೆ ಅಧಿಕಾರಿ ಕೇಳುವುದು ತಾರೀಖನ್ನೇ.

1. ಸಹಿ ಕೇಳಿದ ದಿನ

ಅವತ್ತು ನೀವು ಮಾಡಬೇಕಾದದ್ದು ಇಷ್ಟೇ: ಸಹಿ ಮಾಡದೆ ಎದ್ದು ಬರುವುದು. “ಮನ್ಯಾಗ ಓದಿ, ನಾಳಿಗಿ ಹೇಳ್ತೀನ್ರಿ ಸಾಹೇಬ್ರ” ಅಂದರೆ ಸಾಕು. ಜಗಳ ಬೇಡ, ಭಾಷಣ ಬೇಡ.

ನಿಮ್ಮನ್ನು ತೆಗೆಯುವುದು ಕಂಪನಿಯ ತೀರ್ಮಾನವಾದರೆ ಪತ್ರ ಕೊಡಬೇಕಾದವರು ಅವರು. ನೀವು ರಾಜೀನಾಮೆ ಬರೆದ ಕ್ಷಣ ಅದು ನಿಮ್ಮ ತೀರ್ಮಾನವಾಗುತ್ತದೆ. ಪರಿಹಾರ, ನೋಟಿಸ್ ಅವಧಿಯ ಪಗಾರ, ಇ.ಎಸ್.ಐ. ಭತ್ಯೆ ಮೂರೂ ಅಲ್ಲೇ ಸಡಿಲವಾಗುತ್ತವೆ.

“ನೀ ರಾಜೀನಾಮೆ ಕೊಡಲಿಲ್ಲಂದ್ರ ಡಿಸ್ಮಿಸ್ ಮಾಡ್ತೀವಿ, ಎಲ್ಲೂ ಕೆಲಸ ಸಿಗಂಗಿಲ್ಲ” ಎಂದು ಹೆದರಿಸುವುದು ಹಳೆಯ ಪಟ್ಟು. ದುರ್ನಡತೆಯ ಆರೋಪದ ಮೇಲೆ ತೆಗೆಯಬೇಕಾದರೆ ಆರೋಪ ಪತ್ರ ಕೊಡಬೇಕು, ನಿಮ್ಮ ಉತ್ತರ ಕೇಳಬೇಕು, ವಿಚಾರಣೆ ನಡೆಸಬೇಕು. ಕೆಲಸ ಕಮ್ಮಿಯಾದದ್ದು ನಿಮ್ಮ ದುರ್ನಡತೆಯಲ್ಲ.

ಅಪಾಯದ ಗುರುತುಗಳು ಕೆಲವು. ಪತ್ರದಲ್ಲಿ ತಾರೀಖು ಹಾಕಿರುವುದಿಲ್ಲ, ಅಥವಾ ಒಂದು ತಿಂಗಳು ಹಿಂದಿನ ತಾರೀಖು ಇರುತ್ತದೆ. ‘ನನಗೆ ಬರಬೇಕಾದ್ದೆಲ್ಲ ಬಂದಿದೆ’ ಎಂಬ ಸಾಲು ಇರುತ್ತದೆ, ಹಣ ಮಾತ್ರ ಬಂದಿರುವುದಿಲ್ಲ. ಖಾಲಿ ವೋಚರ್ ಮೇಲೆ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ ಸಹಿ ಕೇಳುತ್ತಾರೆ. ಇಂಗ್ಲಿಷಿನಲ್ಲಿದೆ ಎಂದು ಓದದೆ ಸಹಿ ಮಾಡಬೇಡಿ. ಫೋಟೊ ತೆಗೆದುಕೊಳ್ಳುತ್ತೇನೆ ಅನ್ನಿ. ಫೋಟೊ ಬೇಡ ಅಂದರೆ ಅಲ್ಲಿಗೆ ಅರ್ಥವಾಯಿತು.

ಕೆಲಸದಿಂದ ತೆಗೆದ ಪತ್ರವನ್ನೇ ಅವರು ಕೊಟ್ಟರೆ ಬೇಡ ಅನ್ನಬೇಡಿ, ತೆಗೆದುಕೊಳ್ಳಿ. ಅವರ ಪ್ರತಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿ.

ಈಗಾಗಲೇ ರಾಜೀನಾಮೆಗೆ ಸಹಿ ಮಾಡಿ ಬಂದಿದ್ದರೆ? ಅದನ್ನು ಅವರು ಅಂಗೀಕರಿಸುವ ಮುನ್ನ ವಾಪಸ್ ಪಡೆಯಬಹುದು. ಅವತ್ತೇ, ತಪ್ಪಿದರೆ ಮರುದಿನ, ಮೇಲ್ ಕಳಿಸಿ: ‘ಇಂಥ ದಿನ, ಇಂಥ ಹೊತ್ತಿಗೆ, ಇಂಥವರು ಒತ್ತಡ ಹಾಕಿ ಸಹಿ ಪಡೆದರು. ನಾನು ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟಿಲ್ಲ. ಅದನ್ನು ಹಿಂಪಡೆಯುತ್ತಿದ್ದೇನೆ.’ ಮೂರು ತಿಂಗಳ ಮೇಲೆ ಇದೇ ಮಾತು ಹೇಳಿದರೆ ನಂಬುವವರು ಕಡಿಮೆ.

2. ಗೇಟಿನಿಂದ ಹೊರಬೀಳುವ ಮುನ್ನ

ಗುರುತಿನ ಚೀಟಿ, ಗೇಟ್ ಪಾಸ್ ವಾಪಸ್ ಕೊಡುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ನೇಮಕಾತಿ ಪತ್ರ, ಪಗಾರ ಚೀಟಿಗಳು, ಶಿಫ್ಟ್ ಪಟ್ಟಿ, ರಜೆ ಬಾಕಿಯ ಲೆಕ್ಕ, ಮುಕಾದಮನ ವಾಟ್ಸ್ಯಾಪ್ ಮೆಸೇಜುಗಳು ಎಲ್ಲವನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿಯ ಮೇಲ್ ಐಡಿ ಯಾವ ಗಳಿಗೆಯಲ್ಲಾದರೂ ಬಂದ್ ಆಗಬಹುದು. ಆದರೆ ಗ್ರಾಹಕರ ಪಟ್ಟಿ, ಉತ್ಪಾದನೆಯ ಲೆಕ್ಕದಂಥ ಕಂಪನಿಯ ಸ್ವತ್ತನ್ನು ಮುಟ್ಟಬೇಡಿ. ಅದೇ ನಿಮ್ಮ ಮೇಲೆ ಕೇಸಾಗಿ ಬರುತ್ತದೆ.

ಗುತ್ತೇದಾರನ ಕೈಕೆಳಗೆ ದುಡಿಯುವವರಿಗೆ ಪಗಾರ ಚೀಟಿಯೇ ಇರುವುದಿಲ್ಲ. ಅಂಥವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಪಿ.ಎಫ್. ಪಾಸ್‌ಬುಕ್, ಇ.ಎಸ್.ಐ. ಕಾರ್ಡು, ಗೇಟ್ ಪಾಸಿನ ಫೋಟೊ ಇವೇ ಸಾಕ್ಷಿ. ಪಗಾರ ಕೈಗೇ ಕೊಡುತ್ತಿದ್ದರೆ ಜೊತೆಯ ಇಬ್ಬರು ಮೂವರ ಹೆಸರು, ನಂಬರ್ ಬರೆದಿಟ್ಟುಕೊಳ್ಳಿ.

ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಕಂಪನಿಯ ಕಪಾಟಿನಲ್ಲಿದ್ದರೆ ಇವತ್ತೇ ಕೇಳಿ. ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ, ಬರೆದು ಕೇಳಿ.

3. ನಿಮ್ಮನ್ನು ಏನು ಮಾಡಿದ್ದಾರೆ, ನೀವು ಯಾವ ಲೆಕ್ಕದವರು

ನಮ್ಮ ಕಡೆ ಎಲ್ಲದಕ್ಕೂ ‘ಲೇ ಆಫ್’ ಅನ್ನುತ್ತಾರೆ. ಕಾನೂನಿನಲ್ಲಿ ಲೇ ಆಫ್ ಎಂದರೆ ಕೆಲಸ ಇಲ್ಲದ ದಿನಗಳಲ್ಲಿ ಮನೆಗೆ ಕಳಿಸುವುದು. ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ. 50 ಅಥವಾ ಹೆಚ್ಚು ಮಂದಿ ಇರುವ, ಹಂಗಾಮಿ ಅಲ್ಲದ ಕಾರ್ಖಾನೆಯಲ್ಲಿ ವರ್ಷ ಪೂರೈಸಿದವರಿಗೆ ಆ ದಿನಗಳಿಗೆ ಬೇಸಿಕ್ ಮತ್ತು ಡಿ.ಎ.ಯ (ತುಟ್ಟಿಭತ್ಯೆಯ) ಅರ್ಧ ಬರಬೇಕು. ಪೂರ್ತಿ ತೆಗೆದುಹಾಕುವುದು ರಿಟ್ರೆಂಚ್‌ಮೆಂಟ್. ಅದರ ಲೆಕ್ಕವೇ ಬೇರೆ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಯೂಟ್ಯೂಬಿನ ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕಬೇಡಿ ಅನ್ನುವುದು ಇದಕ್ಕೇ.

ನೀವು ಯಾವ ಸಾಲಿನಲ್ಲಿ ಬರುತ್ತೀರಿ ನೋಡಿಕೊಳ್ಳಿ.

ಆಪರೇಟರ್, ಫಿಟ್ಟರ್, ಕ್ಲರ್ಕ್, ಹೆಲ್ಪರ್, ಲ್ಯಾಬ್ ಕೆಮಿಸ್ಟ್ ಇಂಥವರೆಲ್ಲ ‘ಕಾರ್ಮಿಕ’ರು. ಪೂರ್ತಿ ರಕ್ಷಣೆ ಇವರಿಗೆ. ಮೇಲ್ವಿಚಾರಕರ ಪಗಾರ ತಿಂಗಳಿಗೆ 18,000 ದಾಟಿದರೆ ಈ ಸಂಹಿತೆಯ ಪರಿಹಾರದಿಂದ ಹೊರಗೆ. ಆದರೆ ಕಾಗದದ ಮೇಲೆ ‘ಸೂಪರ್‌ವೈಸರ್’ ಎಂದು ಬರೆದು ಮಷಿನ್ ಮೇಲೆ ನಿಲ್ಲಿಸಿದ್ದರೆ ನೋಡಬೇಕಾದದ್ದು ನೀವು ಮಾಡುವ ಕೆಲಸವನ್ನು. ಹುದ್ದೆಯ ಹೆಸರು ನೋಡಿ ಕೈಚೆಲ್ಲಬೇಡಿ.

ಅಂಗಡಿ, ಶೋರೂಂ, ಖಾಸಗಿ ಕಚೇರಿಯವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಇದೆ. ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಪಗಾರ ಕೊಡದೆ ತೆಗೆಯುವಂತಿಲ್ಲ.

ಖಾಸಗಿ ಶಾಲೆಯ ಶಿಕ್ಷಕರ ದಾರಿ ಬೇರೆ. ಅವರು ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮೂರು ತಿಂಗಳೊಳಗೆ ಹೋಗಬೇಕು. ಕಾರ್ಮಿಕ ಇಲಾಖೆಯ ಬಾಗಿಲಲ್ಲಿ ಆ ಮೂರು ತಿಂಗಳು ಕಳೆದು ಬಂದವರನ್ನು ನೋಡಿದ್ದೇನೆ. ಗ್ರಾಚ್ಯುಟಿ, ಅಂದರೆ ಸೇವೆ ಸಲ್ಲಿಸಿದ ವರ್ಷಗಳಿಗೆ ಬಿಡುವಾಗ ಕೊಡುವ ಇಡುಗಂಟು, ಶಿಕ್ಷಕರಿಗೂ ಉಂಟು.

ಹೆರಿಗೆ ರಜೆಯಲ್ಲಿರುವ ಹೆಣ್ಣುಮಗಳನ್ನು ಆ ರಜೆಯ ಅವಧಿಯಲ್ಲಿ ತೆಗೆಯುವುದು ಕಾನೂನುಬಾಹಿರ. ನಷ್ಟದ ನೆಪ ಇಲ್ಲಿ ನಡೆಯುವುದಿಲ್ಲ.

ಫುಡ್ ಡೆಲಿವರಿ, ಪಾರ್ಸೆಲ್ ಓಡಿಸುವವರಿಗೆ 2025ರಲ್ಲಿ ರಾಜ್ಯದ್ದೇ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಐಡಿ ಬಂದ್ ಮಾಡಿ ಕೆಲಸ ಕೊನೆಗೊಳಿಸಬೇಕಾದರೆ ಕಾರಣ ಬರೆದು 14 ದಿನ ಮುಂಚೆ ತಿಳಿಸಬೇಕು.

4. ಹಿಸಾಬು ನೀವೇ ಹಾಕಿ

ಕಂಪನಿ ಕೊಟ್ಟ ಹಾಳೆ ನೋಡುವ ಮೊದಲೇ ನಿಮ್ಮ ಹಾಳೆ ತಯಾರಿರಬೇಕು. ಒಂದು ಉದಾಹರಣೆ ಹಿಡಿಯಿರಿ: ಆಪರೇಟರ್, ಬೇಸಿಕ್ ಮತ್ತು ಡಿ.ಎ. ಸೇರಿ ತಿಂಗಳಿಗೆ 15,600, ಸೇವೆ 6 ವರ್ಷ 7 ತಿಂಗಳು. ಆರು ತಿಂಗಳು ದಾಟಿದ ತುಂಡು ಪೂರ್ತಿ ವರ್ಷವೆಂದೇ ಲೆಕ್ಕ, ಹಾಗಾಗಿ 7 ವರ್ಷ.

ನೋಟಿಸ್ ಕೊಡದೆ ತೆಗೆದರೆ ಒಂದು ತಿಂಗಳ ಪಗಾರ: 15,600.

ರಿಟ್ರೆಂಚ್‌ಮೆಂಟ್ ಪರಿಹಾರ, ವರ್ಷಕ್ಕೆ 15 ದಿನದ ಸರಾಸರಿ ಪಗಾರ: 7,800 ಗುಣಿಸು 7, ಒಟ್ಟು 54,600.

ಗ್ರಾಚ್ಯುಟಿ: ತಿಂಗಳ ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 9,000. ಅದನ್ನು 7ರಿಂದ ಗುಣಿಸಿದರೆ 63,000.

ಮರುಕೌಶಲ ನಿಧಿಯಿಂದ 15 ದಿನದ ಪಗಾರ: 7,800. ಇದು ಹೊಸ ಸಂಹಿತೆಯಲ್ಲಿ ಸೇರಿದ್ದು. ಮಾಲೀಕ ನಿಧಿಗೆ ಕಟ್ಟಬೇಕು, ತೆಗೆದ 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು.

ಎಲ್ಲ ಕೂಡಿ 1,41,000. ಇದೇ ಮನುಷ್ಯ ‘ವೈಯಕ್ತಿಕ ಕಾರಣ’ ಎಂದು ಸಹಿ ಮಾಡಿದರೆ ಉಳಿಯುವುದು ಗ್ರಾಚ್ಯುಟಿಯ 63,000. ಸಹಿಯ ಬೆಲೆ 78,000 ರೂಪಾಯಿ. ನಾನು ಪ್ರಿಂಟ್ ತೆಗೆದದ್ದು ಮೂವತ್ತು ಪ್ರತಿ.

ಇದರ ಮೇಲೆ ದುಡಿದ ದಿನಗಳ ಪಗಾರ, ಓವರ್‌ಟೈಮ್ ಬಾಕಿ, ಉಳಿದ ಗಳಿಕೆ ರಜೆಯ ಹಣ, ಆ ವರ್ಷದ ಬೋನಸ್. ಬೋನಸ್ ನಿಯಮಕ್ಕೆ ಒಳಪಟ್ಟ ಜಾಗದಲ್ಲಿ ವರ್ಷದಲ್ಲಿ 30 ದಿನ ದುಡಿದವರಿಗೂ ಬೋನಸ್ ಉಂಟು, ಕನಿಷ್ಠ 8.33 ಶೇಕಡ. ದೀಪಾವಳಿಗೆ ಮುಂಚೆ ಹೋದೆ ಎಂದು ಅದನ್ನು ಬಿಟ್ಟುಬಿಡುವವರು ಬಹಳ.

ಲೆಕ್ಕದಲ್ಲಿ ಎಡವುವ ಕಡೆಗಳು ಹೀಗಿವೆ. ಪರಿಹಾರಕ್ಕೆ ಒಂದು ವರ್ಷದ ಸತತ ಸೇವೆ ಸಾಕು, ಅಂದರೆ 12 ತಿಂಗಳಲ್ಲಿ 240 ದಿನ ದುಡಿದಿರಬೇಕು. ವಾರದ ರಜೆ, ಪಗಾರ ಸಹಿತ ರಜೆಯನ್ನೂ ಎಣಿಸಿ. ಗ್ರಾಚ್ಯುಟಿಗೆ ಐದು ವರ್ಷ ಬೇಕು, ಆದರೆ ನಿಗದಿತ ಅವಧಿಯ ಕರಾರಿನ ಮೇಲೆ ಬಂದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷವಾದರೂ ಸಿಗುತ್ತದೆ. ಕರಾರು ಮುಗಿದು ಹೊರಬಂದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ. ಬೇಸಿಕ್ ಕಡಿಮೆ ತೋರಿಸಿ ಭತ್ಯೆಗಳನ್ನೇ ಉಬ್ಬಿಸಿದ್ದರೆ, ಒಟ್ಟು ಪಗಾರದ ಅರ್ಧ ದಾಟಿದ ಭತ್ಯೆ ಈಗ ‘ವೇತನ’ಕ್ಕೇ ಸೇರುತ್ತದೆ. ಹಳೆಯ ಬೇಸಿಕ್ ಮೇಲೆ ಹಾಕಿದ ಹಿಸಾಬನ್ನು ಒಪ್ಪಬೇಡಿ.

ಇನ್ನೆರಡು ಪ್ರಶ್ನೆ ಕೇಳಲೇಬೇಕು. ನಿಮ್ಮ ವಿಭಾಗದಲ್ಲಿ ನಿಮಗಿಂತ ಆಮೇಲೆ ಸೇರಿದವರನ್ನು ಉಳಿಸಿಕೊಂಡಿದ್ದಾರಾ? ಕೊನೆಗೆ ಬಂದವರು ಮೊದಲು ಹೋಗಬೇಕು ಎಂಬುದು ನಿಯಮ, ಮುರಿದರೆ ಕಾರಣ ಬರೆದಿಡಬೇಕು. ಒಟ್ಟು ಕಾರ್ಮಿಕರು 300 ಅಥವಾ ಹೆಚ್ಚಾ? ಹಾಗಿದ್ದರೆ ಕಾರ್ಖಾನೆ, ಗಣಿಗಳಲ್ಲಿ ಮೂರು ತಿಂಗಳ ನೋಟಿಸ್ ಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು.

5. ಬರೆದು ಕೇಳಿ, ಆಮೇಲೆ ಇಲಾಖೆಗೆ

ತೆಗೆದುಹಾಕಲಿ, ರಾಜೀನಾಮೆಯೇ ಇರಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಗ್ರಾಚ್ಯುಟಿಗೆ 30 ದಿನ. ‘ಮುಂದಿನ ತಿಂಗಳು ಬಾ’ ಅನ್ನುವುದಕ್ಕೆ ಈಗ ಆಧಾರವಿಲ್ಲ.

ಮೂರನೇ ದಿನ ಒಂದು ಪುಟದ ಪತ್ರ ಬರೆಯಿರಿ. ಸೇರಿದ ದಿನ, ತೆಗೆದ ದಿನ, ಬರಬೇಕಾದ ಪ್ರತಿ ಬಾಬತ್ತು ಮತ್ತು ಮೊತ್ತ, ಏಳು ದಿನದ ಗಡುವು. ಸಿಟ್ಟು, ಶಾಪ, ಮಕ್ಕಳ ಫೀಸಿನ ಕಷ್ಟ ಯಾವುದೂ ಅದರಲ್ಲಿ ಬೇಡ. ಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ರಸೀದಿಯ ಜೊತೆಗೆ ‘ಡೆಲಿವರಿ ಆಗಿದೆ’ ಎಂದು ತೋರಿಸುವ ಪುಟವನ್ನೂ ಪ್ರಿಂಟ್ ಹೊಡೆಸಿ. ಥರ್ಮಲ್ ರಸೀದಿಯ ಅಕ್ಷರ ನಾಲ್ಕು ತಿಂಗಳಲ್ಲಿ ಅಳಿಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಗುತ್ತೇದಾರ ಫೋನ್ ಎತ್ತದಿದ್ದರೆ ಪತ್ರದ ಒಂದು ಪ್ರತಿ ಮೂಲ ಕಂಪನಿಗೂ ಹೋಗಲಿ. ಗುತ್ತೇದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಾಗುತ್ತದೆ. ನಮ್ಮ ಕಡೆ ಈ ಒಂದು ಪ್ರತಿಯಿಂದಲೇ ಎಷ್ಟೋ ಹಿಸಾಬು ಮುಗಿದಿವೆ, ಯಾಕೆಂದರೆ ಗುತ್ತೇದಾರನ ಬಿಲ್ಲು ಪಾಸಾಗುವುದು ಅಲ್ಲೇ.

ಗಡುವು ಮುಗಿದ ಮೇಲೆ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ದೂರು. ಇಲಾಖೆಯ ಸಹಾಯವಾಣಿ 155214. ಗಣಿ, ರೈಲ್ವೆ, ಬ್ಯಾಂಕಿನವರದು ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ವ್ಯಾಪ್ತಿ. ಅವರಿಗೆ ‘ಸಮಾಧಾನ್’ ಎಂಬ ಆನ್‌ಲೈನ್ ಪೋರ್ಟಲ್ ಇದೆ. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯಲ್ಲಿದ್ದವರು ದೂರು ಕೊಡುವ ಮೊದಲು ‘ರಾಜ್ಯಕ್ಕೋ ಕೇಂದ್ರಕ್ಕೋ’ ಎಂದು ಕಚೇರಿಯಲ್ಲಿ ಕೇಳಿಯೇ ಅರ್ಜಿ ಹಾಕಿ. ತಪ್ಪು ಕಚೇರಿಯಲ್ಲಿ ಅರ್ಜಿ ಮಲಗಿದರೆ ಎಬ್ಬಿಸುವವರಿಲ್ಲ.

ಕೆಲಸದಿಂದ ತೆಗೆದದ್ದರ ಬಗ್ಗೆ ರಾಜಿ ಸಂಧಾನದ ಅರ್ಜಿ ಹಾಕಿ 45 ದಿನವಾದರೂ ಇತ್ಯರ್ಥವಾಗದಿದ್ದರೆ ಕಾರ್ಮಿಕನೇ ನೇರವಾಗಿ ನ್ಯಾಯಾಧಿಕರಣಕ್ಕೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ಮೂರು ವರ್ಷವಿತ್ತು, ಆ ಲೆಕ್ಕ ನಂಬಿ ಕೂರಬೇಡಿ. ವೇತನ ಬಾಕಿಯ ಅರ್ಜಿಗೆ ಮೂರು ವರ್ಷ.

ವಕೀಲರ ಫೀಸಿಗೆ ಹೆದರಿ ಬಿಡುವವರಿಗೆ: ಕಾರ್ಮಿಕರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ. ಸಹಾಯವಾಣಿ 15100.

6. ಇ.ಎಸ್.ಐ. ಮೊದಲು, ಪಿ.ಎಫ್. ಆಮೇಲೆ

ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಪಿ.ಎಫ್. ಹಣ ಎಲ್ಲೂ ಓಡಿಹೋಗುವುದಿಲ್ಲ. ಇ.ಎಸ್.ಐ. ಭತ್ಯೆಗೆ ಕಾಲದ ಗೆರೆ ಇದೆ.

ನೌಕರಿ ಹೋದ ದಿನವೇ ಇ.ಎಸ್.ಐ. ಆಸ್ಪತ್ರೆ ಮುಚ್ಚಿತು ಎಂದುಕೊಳ್ಳುವುದು ತಪ್ಪು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್ ತನಕ, ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಕಟ್ಟಿದ್ದರೆ ಜುಲೈಯಿಂದ ಡಿಸೆಂಬರ್ ತನಕ ಚಿಕಿತ್ಸೆ ಸಿಗುತ್ತದೆ. ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆಗೆ ಹೋಗುವಾಗ ಇದನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಕೌಂಟರಿನಲ್ಲಿ ‘ಕೆಲಸ ಬಿಟ್ಟೀರಿ’ ಎಂದು ತಿರುಗಿಸಿ ಕಳಿಸಿದರೆ ವಂತಿಗೆಯ ದಾಖಲೆ ತೆಗೆದು ತೋರಿಸಿ.

ಇ.ಎಸ್.ಐ.ಯದ್ದೇ ಆದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧ, 90 ದಿನಗಳ ತನಕ, ಜೀವನದಲ್ಲಿ ಒಂದು ಸಲ ಕೊಡುತ್ತಾರೆ. ಅರ್ಜಿಯನ್ನು ನೀವೇ ಹಾಕಬಹುದು. ಈ ಯೋಜನೆಯನ್ನು ಅವಧಿ ಅವಧಿಗೆ ಮುಂದುವರಿಸುತ್ತ ಬಂದಿದ್ದಾರೆ, ಹಾಗಾಗಿ ಹೋದ ದಿನ ಚಾಲೂ ಇದೆಯೇ ಎಂದು ಶಾಖಾ ಕಚೇರಿಯಲ್ಲಿ ಕೇಳಿಯೇ ಕಾಗದ ಹೊಂದಿಸಿ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್ ಆಗಿ ಹೊರಬಂದವರು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನೂ ಹೆಸರು ಹಿಡಿದೇ ಕೇಳಿ. ಎರಡು ಕಡೆಯೂ ‘ಸ್ವಇಚ್ಛೆಯಿಂದ ಬಿಟ್ಟೆ’ ಎಂಬ ಸಾಲು ಅಡ್ಡ ಬರುತ್ತದೆ. ಮೊದಲ ಹಂತಕ್ಕೆ ನಾನು ಅಷ್ಟು ಜೋತುಬಿದ್ದದ್ದು ಇದಕ್ಕೂ ಸೇರಿಯೇ.

ಪಿ.ಎಫ್. ವಿಷಯದಲ್ಲಿ ಕ್ರಮ ಹೀಗೆ. ಮೊದಲು ಹೆಸರು. ಆಧಾರಿನಲ್ಲಿ ‘ಶರಣಬಸಪ್ಪ’, ಪಿ.ಎಫ್.ನಲ್ಲಿ ‘ಶರಣಪ್ಪ’, ಬ್ಯಾಂಕಿನಲ್ಲಿ ‘ಎಸ್. ಬಸಪ್ಪ’ ಇದ್ದರೆ ಕ್ಲೇಮ್ ತಿರಸ್ಕಾರ ಖಂಡಿತ. ತಂದೆಯ ಹೆಸರು, ಜನ್ಮ ದಿನಾಂಕ ಕೂಡ ತಾಳೆ ನೋಡಿ. ಅರ್ಜಿ ಹಾಕಿ ತಿರಸ್ಕಾರವಾದ ಮೇಲೆ ತಿದ್ದುವುದಲ್ಲ, ತಿದ್ದಿ ಆಮೇಲೆ ಅರ್ಜಿ.

ಎರಡನೆಯದು ಕೆಲಸ ಬಿಟ್ಟ ದಿನಾಂಕ. ಕಂಪನಿ ಹಾಕದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಯು.ಎ.ಎನ್. ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಎಂಬಲ್ಲಿ ನೀವೇ ಹಾಕಬಹುದು. ಕಾರಣದ ಕಾಲಂ ನೋಡಿ ಒತ್ತಿ.

ಮೂರನೆಯದು ಎಷ್ಟು ತೆಗೆಯುವುದು ಎಂಬುದು. 75 ಶೇಕಡದಷ್ಟು ಬೇಗ ತೆಗೆಯಬಹುದು. ಉಳಿದ ಕಾಲು ಭಾಗಕ್ಕೆ ಮೊದಲು ಎರಡು ತಿಂಗಳು ಕಾಯಬೇಕಿತ್ತು. ಅದನ್ನು 12 ತಿಂಗಳಿಗೆ, ಪಿಂಚಣಿ ಹಣಕ್ಕೆ ಎರಡು ತಿಂಗಳಿದ್ದದ್ದನ್ನು 36 ತಿಂಗಳಿಗೆ ಏರಿಸಲು ಪಿ.ಎಫ್. ಮಂಡಳಿ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಪೋರ್ಟಲ್ ಏನು ತೋರಿಸುತ್ತದೋ ನೋಡಿ ಮುಂದುವರಿಯಿರಿ. ಐದು ವರ್ಷ ತುಂಬುವ ಮೊದಲೇ 50,000 ಮೀರಿ ತೆಗೆದರೆ ತೆರಿಗೆ ಮುರಿಯುತ್ತಾರೆ, ಪ್ಯಾನ್ ಜೋಡಿಸಿರದಿದ್ದರೆ ಇನ್ನೂ ಹೆಚ್ಚು. ಎಂಟು ಒಂಬತ್ತು ವರ್ಷ ಸೇವೆಯಾದವರು ಪಿಂಚಣಿಯ ಭಾಗಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷಕ್ಕೆ ಅದು ಪಿಂಚಣಿಯಾಗುತ್ತದೆ, ತೆಗೆದರೆ ಎರಡು ತಿಂಗಳ ಕಿರಾಣಿಗೆ ಮುಗಿಯುತ್ತದೆ.

ಪಿ.ಎಫ್. ಪ್ರಾದೇಶಿಕ ಕಚೇರಿ ಕಲಬುರಗಿಯಲ್ಲಿದೆ. ಬೀದರ, ಯಾದಗಿರಿಯವರು ಇದಕ್ಕೆಂದೇ ಬಸ್ಸು ಹತ್ತಬೇಕಿಲ್ಲ; ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲೇ ‘ನಿಧಿ ಆಪ್ಕೆ ನಿಕಟ್’ ಎಂಬ ಶಿಬಿರ ನಡೆಯುತ್ತದೆ. ಜಾಗ ಮೊದಲೇ ವಿಚಾರಿಸಿಕೊಂಡು ಹೋಗಿ.

7. ಈಗ ಕೆಲಸ ಹುಡುಕಿ

ನಮ್ಮ ಭಾಗದಲ್ಲಿ ಕೆಲಸಕ್ಕೆ ಹಂಗಾಮು ಇದೆ. ಅದನ್ನು ನೋಡದೆ ಹುಡುಕುವವರು ಮೇ ತಿಂಗಳಲ್ಲಿ ದಾಲ್ ಮಿಲ್ಲಿನ ಬಾಗಿಲು ತಟ್ಟಿ ನಿರಾಶರಾಗುತ್ತಾರೆ. ತೊಗರಿ ರಾಶಿ ಡಿಸೆಂಬರ್, ಜನವರಿಗೆ. ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ನಂದೂರು ಕೆಸರಟಗಿ, ಕಪನೂರು ಕಡೆ ಮಿಲ್ಲುಗಳಿಗೆ ಆಪರೇಟರ್, ಎಲೆಕ್ಟ್ರಿಷಿಯನ್, ಲೆಕ್ಕದವರು, ವೇ ಬ್ರಿಡ್ಜಿನವರು ಬೇಕಾಗುತ್ತಾರೆ. ಸಕ್ಕರೆ ಕಾರ್ಖಾನೆಗಳು ಮಳೆಗಾಲ ಕಳೆದು ಕಬ್ಬು ಅರೆಯಲು ಶುರು ಮಾಡುತ್ತವೆ. ಬಾಯ್ಲರ್ ಸರ್ಟಿಫಿಕೇಟ್ ಇದ್ದವರು ಅದಕ್ಕೆ ಒಂದು ತಿಂಗಳು ಮೊದಲೇ ಹೋಗಿ ನಿಲ್ಲಬೇಕು. ಸಿಮೆಂಟ್ ಕಾರ್ಖಾನೆಗಳ ವಾರ್ಷಿಕ ಶಟ್‌ಡೌನ್‌ನಲ್ಲಿ ಫಿಟ್ಟರ್, ವೆಲ್ಡರ್, ರಿಗ್ಗರ್‌ಗಳನ್ನು ಗುತ್ತೇದಾರರು ಕೆಲವು ವಾರಗಳಿಗೆ ಕರೆದುಕೊಳ್ಳುತ್ತಾರೆ. ಇದು ಕಾಯಂ ಕೆಲಸವಲ್ಲ, ಆದರೆ ಒಳಗೆ ಹೋಗುವ ದಾರಿ. ಶಟ್‌ಡೌನಿನಲ್ಲಿ ಕೈಚಳಕ ತೋರಿದವರನ್ನು ಮೇಂಟೆನೆನ್ಸ್ ಗುತ್ತೇದಾರರು ಉಳಿಸಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ಔಷಧ ಕಂಪನಿಯ ಅನುಭವವಿದ್ದರೆ ಬೀದರದ ಕೊಳಾರ, ಹುಮನಾಬಾದ್, ಯಾದಗಿರಿಯ ಕಡೇಚೂರು, ಅವುಗಳಾಚೆ ಹೈದರಾಬಾದಿನ ಸುತ್ತಮುತ್ತ ಹುಡುಕಿ. ಬೆಂಗಳೂರಿಗೆ ಹೋಗುವವರು ಇಂಟರ್‌ವ್ಯೂ ತಾರೀಖು ಕೈಯಲ್ಲಿಲ್ಲದೆ ರೈಲು ಹತ್ತಬೇಡಿ. ‘ಅಲ್ಲಿ ಹೋಗಿ ನೋಡೋಣ’ ಅಂದವರ ಪಿ.ಎಫ್. ಹಣ ಪಿ.ಜಿ. ಬಾಡಿಗೆಗೇ ಕರಗುತ್ತದೆ. ಮೊದಲ ಸುತ್ತು ಫೋನಿನಲ್ಲೋ ವಿಡಿಯೊದಲ್ಲೋ ಮುಗಿಸಿಕೊಡಿ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ.

ಬಯೋಡೇಟಾ ಒಂದೇ ಪುಟ. ‘ಕಷ್ಟಪಟ್ಟು ದುಡಿಯುವವನು’ ಎಂದು ಬರೆಯುವ ಜಾಗದಲ್ಲಿ ಯಾವ ಮಷಿನ್, ಎಷ್ಟು ಟನ್ನಿನದು, ಎಷ್ಟು ವರ್ಷ, ಯಾವ ರಿಪೇರಿ ಸ್ವತಃ ಬರುತ್ತದೆ ಎಂದು ಬರೆಯಿರಿ. ಟ್ಯಾಲಿ ಬರುತ್ತದೆ ಅಂದರೆ ಸಾಲದು; ಜಿ.ಎಸ್.ಟಿ. ರಿಟರ್ನ್ ತುಂಬಿದ್ದೀರಾ, ಎಷ್ಟು ಮಂದಿಯ ಪಗಾರ ಮಾಡಿದ್ದೀರಾ ಅನ್ನುವುದು ಬೇಕು. ತಂದೆಯ ಹೆಸರು, ಧರ್ಮ, ಆಧಾರ್ ನಂಬರ್ ಬಯೋಡೇಟಾದಲ್ಲಿ ಬೇಡ. ಯಾಕೆ ಬಿಟ್ಟಿರಿ ಎಂದರೆ “ಮಂದಿ ಕಡಿಮೆ ಮಾಡಿದರು, ನಮ್ಮ ವಿಭಾಗದಲ್ಲಿ ಇಷ್ಟು ಜನ ಹೋದೆವು” ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಹಳೆಯ ಸಾಹೇಬರನ್ನು ಬೈಯ್ಯಬೇಡಿ, ಬೈಗುಳಕ್ಕೆ ನೂರು ಕಾರಣವಿದ್ದರೂ.

ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ಹೆಸರು ಹಚ್ಚಿ. ಆದರೆ ನಮ್ಮ ಕಡೆ ಸಣ್ಣ ಕಾರ್ಖಾನೆಗಳು ಜಾಹೀರಾತು ಕೊಡುವುದು ಕಡಿಮೆ, ಪರಿಚಯದ ಮೇಲೆ ಕರೆಯುತ್ತವೆ. ನಿಮಗಿಂತ ಮೊದಲು ಬಿಟ್ಟುಹೋದ ಹತ್ತು ಮಂದಿಯ ಪಟ್ಟಿ ಮಾಡಿ ದಿನಕ್ಕೆ ಇಬ್ಬರಿಗೆ ಫೋನ್ ಮಾಡಿ. “ಕೆಲಸ ಕೊಡಸ್ರಿ ಅಣ್ಣಾ” ಅಂದರೆ ಅವರೇನು ಮಾಡಿಯಾರು. “ನಿಮ್ಮ ಕಡಿ ಮೇಂಟೆನೆನ್ಸ್ ಯಾರು ನೋಡ್ತಾರ್ರಿ, ಅವರ ನಂಬರ್ ಕೊಡ್ರಿ” ಎಂದು ಕೇಳಿ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ಅದು ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ, ರೈಲ್ವೆಯಂಥ ಕೇಂದ್ರದ ನೌಕರಿಗೂ ಇಲ್ಲ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಈ ಭಾಗದ ಸ್ಥಳೀಯ ವೃಂದದ ಸಿ ದರ್ಜೆ ಹುದ್ದೆಗಳಲ್ಲಿ 80, ಡಿ ದರ್ಜೆಯಲ್ಲಿ 85 ಶೇಕಡ ಮೀಸಲು. ರಾಜ್ಯ ಮಟ್ಟದ ಹುದ್ದೆಗಳಲ್ಲಿ 8 ಶೇಕಡ. ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪತ್ರವನ್ನು ಈ ಬಿಡುವಿನಲ್ಲೇ ಮಾಡಿಸಿ ಇಟ್ಟುಕೊಳ್ಳಿ. ಅರ್ಜಿಯ ಕೊನೆ ದಿನದ ಹಿಂದಿನ ವಾರ ಓಡಿದರೆ ಸಿಗುವುದಿಲ್ಲ.

8. ಮೋಸದ ಗುರುತು

ಕೆಲಸ ಕೊಡುವವನು ನಿಮಗೆ ಹಣ ಕೊಡುತ್ತಾನೆ. ನಿಮ್ಮಿಂದ ಕೇಳುವವನು ಕೆಲಸ ಕೊಡುವವನಲ್ಲ. ನೋಂದಣಿ ಫೀಸು, ಯೂನಿಫಾರ್ಮ್ ಡಿಪಾಜಿಟ್, ಲ್ಯಾಪ್‌ಟಾಪ್ ಕೊರಿಯರ್ ಎಂದು ಹೆಸರು ಏನೇ ಇಡಲಿ. ವಿಮಾನ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ, ರೈಲ್ವೆಯಲ್ಲಿ ‘ಒಳಗಿನಿಂದ’ ಹಾಕಿಸುತ್ತೇನೆ ಎನ್ನುವವನಿಗೆ ಹೊಲ ಒತ್ತೆಯಿಟ್ಟು ದುಡ್ಡು ಕೊಟ್ಟ ಮನೆಗಳು ನಮ್ಮ ಓಣಿಯಲ್ಲೇ ಇವೆ.

ಟೆಲಿಗ್ರಾಂನಲ್ಲಿ ‘ಟಾಸ್ಕ್’ ಕೆಲಸ, ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ ತಿಂಗಳಿಗೆ ಇಷ್ಟು ಎನ್ನುವುದು ಇನ್ನೂ ಅಪಾಯ. ಎರಡನೆಯದರಲ್ಲಿ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಅಳುವುದು ಆಮೇಲೆ.

ಗಲ್ಫಿಗೆ ಹೊರಟವರು ಏಜೆಂಟನ ಲೈಸೆನ್ಸ್ ನಂಬರನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಪರವಾನಗಿ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ಮತ್ತು ಅದರ ಜಿ.ಎಸ್.ಟಿ. ವಿಸಿಟ್ ವೀಸಾದ ಮೇಲೆ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಅಂದರೆ ಪಾಸ್‌ಪೋರ್ಟ್ ವಾಪಸ್ ಇಸಿದುಕೊಂಡು ಎದ್ದು ಬನ್ನಿ.

9. ಹೊಸ ಕೆಲಸದ ಮೊದಲ ವಾರ

ನೇಮಕಾತಿ ಪತ್ರ ಕೇಳಿ ಪಡೆಯಿರಿ. ಹೊಸ ಸಂಹಿತೆಯಲ್ಲಿ ಅದು ಕಡ್ಡಾಯ. ವರ್ಷದ ಪ್ಯಾಕೇಜ್ ಎಷ್ಟು ಎನ್ನುವುದಕ್ಕಿಂತ ಕೈಗೆ ತಿಂಗಳಿಗೆ ಎಷ್ಟು, ಬೇಸಿಕ್ ಎಷ್ಟು, ನೋಟಿಸ್ ಅವಧಿ ಎಷ್ಟು ಎಂದು ನೋಡಿ. ಪ್ಯಾಕೇಜಿನಲ್ಲಿ ಗ್ರಾಚ್ಯುಟಿ, ಮಾಲೀಕನ ಪಾಲಿನ ಪಿ.ಎಫ್. ಸೇರಿಸಿ ಉಬ್ಬಿಸಿ ತೋರಿಸುವುದು ಮಾಮೂಲು.

ಹಳೆಯ ಯು.ಎ.ಎನ್. ನಂಬರನ್ನೇ ಕೊಡಿ. ‘ಹೊಸದು ಮಾಡ್ತೀವಿ’ ಅಂದರೆ ಬೇಡ ಅನ್ನಿ. ಎರಡು ನಂಬರ್ ಆದರೆ ಸೇವಾ ವರ್ಷಗಳು ಎರಡು ಕಡೆ ಹಂಚಿಹೋಗಿ ಪಿಂಚಣಿಯ ಹತ್ತು ವರ್ಷ ಕೂಡುವುದೇ ಇಲ್ಲ. ಇ.ಎಸ್.ಐ.ಗೂ ಹಳೆಯ ನಂಬರೇ.

ಹಳೆಯ ಕಂಪನಿ ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಮಂದಿ ತೆಗೆದುಕೊಂಡರೆ ರಿಟ್ರೆಂಚ್ ಆದವರಿಗೆ ಮೊದಲ ಅವಕಾಶ ಕೊಡಬೇಕು. ಅಲ್ಲಿ ಉಳಿದ ಗೆಳೆಯರ ನಂಬರ್ ಅಳಿಸಬೇಡಿ. ಹೊಸ ಗುರುತಿನ ಚೀಟಿ ಕೈಗೆ ಬಂದ ದಿನ ಎರಡೂ ಬದಿಯ ಫೋಟೊ ತೆಗೆದು ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ, ನೋಟ್‌ಬುಕ್ಕಿನಲ್ಲಿ ಸೇರಿದ ತಾರೀಖು ಬರೆಯಿರಿ.